ಅಳು ಬರಲಿಲ್ಲ ಅಂದಳಲ್ಲ ಆ ಹುಡುಗಿ

ಮಿಲ್ಪಿಟಾಸ್ ಅಂದರೆ ಇವತ್ತು ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಯಾವ ಬೀದಿಗೆ ಹೋದರೂ ಒಂದು ಮನೆಯ ಮಗನೋ ಸೊಸೆಯೋ ಕ್ಯಾಲಿಫೋರ್ನಿಯಾದ ಆ ಸುತ್ತಮುತ್ತ ಸಾಫ್ಟ್‌ವೇರ್ ಕೆಲಸದಲ್ಲಿರುತ್ತಾರೆ. ಬಾಣಂತನಕ್ಕೆಂದು ಹೋಗಿ ಆರು ತಿಂಗಳಿದ್ದು ಬಂದ ಅಜ್ಜಿಯರು ಅಲ್ಲಿನ ಗ್ರೇಟ್ ಮಾಲ್ ವಿಷಯವನ್ನು ದೇವರಾಜ ಮಾರುಕಟ್ಟೆಯ ವಿಷಯದಷ್ಟೇ ಸಲೀಸಾಗಿ ಹೇಳುತ್ತಾರೆ. ನನ್ನ ಚಿಕ್ಕಮ್ಮನ ಮಗಳೂ ಆ ಕಡೆಯೇ ಮನೆ ಮಾಡಿದ್ದಾಳೆ. ಮೊನ್ನೆ 'ರಿವರ್ಸ್ ಎಡ್ಜ್' ಅನ್ನುವ ಹಳೇ ಅಮೆರಿಕನ್ ಸಿನಿಮಾ ನೋಡಿದ ಮೇಲೆ ಅವಳಿಗೆ ಫೋನ್ ಮಾಡಿ, ನಿಮ್ಮೂರಲ್ಲಿ ಹಿಂಗೊಂದು ಆಗಿತ್ತು ಗೊತ್ತೇನೆ ಅಂದರೆ, "ಇಲ್ಲೇನಾ? ಸುಮ್ನಿರಣ್ಣ, ಇಲ್ಲಿ ರಾತ್ರಿ ಎಂಟರ ಮೇಲೆ ಒಂದು ನಾಯಿನೂ ಬೊಗಳಲ್ಲ" ಅಂದಳು.

ಆಗಿತ್ತು. ಆ ಮಾಲ್ ಇರುವ ಕಟ್ಟಡ ಹಿಂದೆ ಫೋರ್ಡ್ ಕಾರಿನ ಕಾರ್ಖಾನೆ. 1983ರಲ್ಲಿ ಅದು ಮುಚ್ಚಿತು, 1994ರಲ್ಲಿ ಮಾಲ್ ಆಯಿತು. ಕಾರ್ಖಾನೆ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, 1981ರ ನವೆಂಬರ್‌ನಲ್ಲಿ, ಆ ಊರಿನ 16 ವರ್ಷದ ಹುಡುಗನೊಬ್ಬ 14 ವರ್ಷದ ಹುಡುಗಿಯನ್ನು ಕೊಂದ. ಕೊಂದದ್ದಷ್ಟೇ ಆಗಿದ್ದರೆ ಅದು ಅಲ್ಲಿನ ಪತ್ರಿಕೆಗಳ ಒಳಪುಟದಲ್ಲೇ ಮುಗಿದುಹೋಗುತ್ತಿತ್ತೇನೋ. ಅವನು ಗೆಳೆಯರನ್ನು ಕರೆದುಕೊಂಡು ಹೋಗಿ ಹೆಣ ತೋರಿಸಿದ. ಹೋದವರು ನೋಡಿದರು, ವಾಪಸ್ ಬಂದರು, ಬಾಯಿ ಬಿಡಲಿಲ್ಲ. ಪೊಲೀಸರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಷ್ಟೋ ಮಕ್ಕಳಿಗೆ ಅದು ಗೊತ್ತಿತ್ತು. ಅಮೆರಿಕಕ್ಕೆ ಅಮೆರಿಕವೇ ಬೆಚ್ಚಿದ್ದು ಕೊಲೆಗಲ್ಲ, ಈ ಮೌನಕ್ಕೆ.

ಆ ಘಟನೆಯ ಎಳೆ ಹಿಡಿದು ನೀಲ್ ಹಿಮೆನೆಜ್ ಚಿತ್ರಕಥೆ ಬರೆದಾಗ ಇನ್ನೂ ಸಿನಿಮಾ ವಿದ್ಯಾರ್ಥಿ. ಟಿಮ್ ಹಂಟರ್ ನಿರ್ದೇಶನದಲ್ಲಿ ಅದು 1986ರ 'ರಿವರ್ಸ್ ಎಡ್ಜ್' ಆಯಿತು. ದೊಡ್ಡ ಸ್ಟುಡಿಯೋಗಳ ಹಂಗಿಲ್ಲದೆ ತೆಗೆದ ಚಿತ್ರ. ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ, ಅತ್ಯುತ್ತಮ ಚಿತ್ರಕಥೆ ಎರಡನ್ನೂ ಹೊತ್ತುಕೊಂಡು ಹೋಯಿತು. 'ಮ್ಯಾಟ್ರಿಕ್ಸ್'ನ ಕಿಯಾನು ರೀವ್ಸ್ ಇದರಲ್ಲಿ ಇನ್ನೂ ಮೀಸೆ ಬಲಿಯದ ಹುಡುಗ. ನಾನು ಇದನ್ನು ನೋಡಿದ್ದು ಮೈಸೂರಿನಲ್ಲಿ ಗೆಳೆಯನೊಬ್ಬನ ಮಹಡಿ ಮೇಲೆ. ಅವನು ಆಗಾಗ ಗೋಡೆಗೆ ಪ್ರೊಜೆಕ್ಟರ್ ಬಿಟ್ಟು ಹಳೇ ಸಿನಿಮಾ ತೋರಿಸುತ್ತಾನೆ. ರಂಗಾಯಣದ ನಾಟಕಗಳಿಗೆ ತಪ್ಪದೆ ಬರುವ ಮಂದಿ, ಒಂದಿಬ್ಬರು ನಿವೃತ್ತ ಮೇಷ್ಟ್ರುಗಳು, ಮಂಡ್ಯದಿಂದ ರೈಲು ಹತ್ತಿ ಹೋಗುವ ನನ್ನಂಥವರು ಸೇರುತ್ತೇವೆ.

ಶುರುವಾಗುವುದೇ ಹೀಗೆ: ಸೇತುವೆಯ ಮೇಲೆ ಹನ್ನೆರಡು ವರ್ಷದ ಪೋರನೊಬ್ಬ ತನ್ನ ಪುಟ್ಟ ತಂಗಿಯ ಗೊಂಬೆಯನ್ನು ಹೊಳೆಗೆ ಎಸೆಯುತ್ತಾನೆ. ಎಸೆದು ತಲೆ ಎತ್ತಿದರೆ ದೂರದ ದಡದಲ್ಲಿ ದಪ್ಪ ಮೈಯ ಹುಡುಗನೊಬ್ಬ ಕೂತಿದ್ದಾನೆ, ಪಕ್ಕದಲ್ಲಿ ಬೆತ್ತಲೆ ಹೆಣ. ಪೋರ ಕಿರುಚುವುದಿಲ್ಲ, ಓಡುವುದಿಲ್ಲ, ಸುಮ್ಮನೆ ನೋಡುತ್ತಾನೆ. ಮುಂದೆ ಅದೇ ಪೋರ ಆ ಕೊಲೆಗಾರನಿಗೆ ಅಂಗಡಿಯಿಂದ ಬಿಯರ್ ಕದ್ದು ತಂದುಕೊಡುತ್ತಾನೆ. ಕೊಂದವನ ಹೆಸರು ಜಾನ್. ಸತ್ತವಳು ಜೇಮಿ, ಅದೇ ಗುಂಪಿನವಳು, ಎಲ್ಲರ ಜೊತೆ ತಿರುಗಿದವಳು. ಜಾನ್ ತನ್ನ ಕೆಲಸವನ್ನು ಮುಚ್ಚಿಡುವುದೇ ಇಲ್ಲ. ನಾನು ಕೊಂದೆ ಎಂದು ಹೇಳುತ್ತಾನೆ. ನಂಬದವರನ್ನು ಕರೆದುಕೊಂಡು ಹೋಗಿ ತೋರಿಸುತ್ತಾನೆ. ಹುಡುಗರು ಹೆಣದ ಸುತ್ತ ನಿಲ್ಲುತ್ತಾರೆ. ಒಬ್ಬ ಕೋಲಿನಿಂದ ಚುಚ್ಚಿ ನೋಡುತ್ತಾನೆ. ಕ್ಯಾಮೆರಾ ಆತುರಪಡದೆ ಆ ಮುಖಗಳ ಮೇಲೆ ನಿಲ್ಲುತ್ತದೆ. ನನಗೆ ಅಲ್ಲಿ ಕಂಡದ್ದು ಕ್ರೌರ್ಯ ಅಲ್ಲ. ಈಗ ಏನು ಮಾಡಬೇಕು, ಮುಖ ಹೇಗಿಟ್ಟುಕೊಳ್ಳಬೇಕು ಎಂದು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡಿಕೊಳ್ಳುವ ಪೆಚ್ಚುತನ.

ಸಿನಿಮಾ ಮುಗಿದು ಕಾಫಿ ಬರುವಷ್ಟರಲ್ಲಿ ತೀರ್ಪು ಬಂದುಬಿಟ್ಟಿತ್ತು. "ಅಪ್ಪ ಅಮ್ಮ ಡೈವೋರ್ಸು, ಮಕ್ಕಳು ಗಾಂಜಾ. ಇನ್ನೇನಾಗುತ್ತೆ ಹೇಳಿ? ಅಲ್ಲಿಯವರೇ ಹಂಗೆ" ಎಂದರು ಮೇಷ್ಟ್ರೊಬ್ಬರು. ಇನ್ನೊಬ್ಬರು ಸ್ವಲ್ಪ ಉದಾರಿ. ಈಗಿನ ಮೊಬೈಲಿನ ಕಾಲಕ್ಕೆ ನಮ್ಮ ಮಕ್ಕಳೂ ಅಲ್ಲಿಗೇ ಬಂದಿದ್ದಾರೆ, ಭಾವನೆ ಅನ್ನೋದೇ ಸತ್ತುಹೋಗಿದೆ ಅಂದರು. ಈ ಎರಡನೇ ಮಾತು ನನಗೆ ಮೊದಲನೆಯದಕ್ಕಿಂತ ಹೆಚ್ಚು ಕಿರಿಕಿರಿ ಮಾಡಿತು. ಆ ಸಿನಿಮಾದಲ್ಲಿ ಮೊಬೈಲ್ ಎಲ್ಲಿದೆ? ಮನೆಯ ಗೋಡೆಗೆ ತಗುಲಿಹಾಕಿದ ಫೋನುಗಳ ಕಾಲದ ಕಥೆ ಅದು.

ಗುಂಪಿನಲ್ಲಿ ಕ್ಲಾರಿಸಾ ಅಂತ ಒಬ್ಬಳಿದ್ದಾಳೆ, ಅಯೋನಿ ಸ್ಕೈ ಮಾಡಿದ ಪಾತ್ರ. ಒಂದು ಕಡೆ ಅವಳು ಸುಮಾರಾಗಿ ಹೀಗನ್ನುತ್ತಾಳೆ: ಟೀವಿಯಲ್ಲಿ ಬಂದ ಸಿನಿಮಾದಲ್ಲಿ ಯಾರೋ ಸತ್ತಾಗ ಅತ್ತಿದ್ದೆ, ನನ್ನ ಜೊತೆಯೇ ಓಡಾಡಿಕೊಂಡಿದ್ದವಳು ಸತ್ತರೆ ಅಳು ಬರಲಿಲ್ಲವಲ್ಲ. ಇದನ್ನು ಅವಳು ಹೆಮ್ಮೆಯಿಂದ ಹೇಳುವುದಿಲ್ಲ, ನಾಚಿಕೆಯಿಂದಲೂ ಅಲ್ಲ. ಬಿದ್ದುಹೋದ ಹಲ್ಲಿನ ಜಾಗವನ್ನು ನಾಲಿಗೆಯಲ್ಲಿ ಸವರಿ ನೋಡುವ ಹಾಗೆ ಹೇಳುತ್ತಾಳೆ. ಇಡೀ ಚಿತ್ರದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಇದೊಂದು ಮಾತು. ಯಾಕೆಂದರೆ ಇದು ಮಂಡ್ಯದಲ್ಲಿ ಕೂತವನಿಗೆ ಹೊಸದಲ್ಲ.

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಬಿತ್ತು. 30 ಜನ ಹೋದರು, ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಶ್ ತೀರಿಕೊಂಡರು. ಬೆಳಗಾಗುವಷ್ಟರಲ್ಲಿ ಟೀವಿಗಳೆಲ್ಲ ನಾಲೆಯಿಂದ ಕಂಠೀರವ ಕ್ರೀಡಾಂಗಣಕ್ಕೆ ತಿರುಗಿದ್ದವು. ಮಾರನೆಯ ದಿನ ಅವರ ಪಾರ್ಥಿವ ಶರೀರ ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಬಂದಾಗ ಸಾಲಿನಲ್ಲಿ ನಾನೂ ನಿಂತಿದ್ದೆ. ಅಣ್ಣಾ ಎಂದು ಎದೆ ಬಡಿದುಕೊಂಡು ಅಳುತ್ತಿದ್ದ ಗಟ್ಟಿ ಆಳುಗಳನ್ನು ಕಂಡು ನನಗೂ ಗಂಟಲು ಕಟ್ಟಿತ್ತು. ನಾಲೆಯ ಮಕ್ಕಳಿಗೆ ಅಷ್ಟು ಅತ್ತೆವಾ, ಇವರಿಗೆ ಇಷ್ಟು ಅತ್ತೆವಾ ಎಂದು ತಕ್ಕಡಿ ಹಿಡಿಯುವುದು ಅಸಹ್ಯ. ಆದರೆ ಒಂದು ಮಾತು ನಿಜ: ಅಂಬರೀಶ್‌ಗೆ ಅಳುವುದು ಹೇಗೆಂದು ನಮಗೆಲ್ಲ ಗೊತ್ತಿತ್ತು. ಅವರ ಸಿನಿಮಾಗಳೇ ಕಲಿಸಿಕೊಟ್ಟಿದ್ದವು. 2021ರ ಅಕ್ಟೋಬರ್ 29ಕ್ಕೆ ಪುನೀತ್ ಹೋದಾಗಲೂ ಅಷ್ಟೆ. ನಾನು ಪಾಠ ಮಾಡುವ ಕಾಲೇಜಿನ ಒಬ್ಬ ಹುಡುಗ, ತನ್ನ ಅಜ್ಜನ ಹಾಲು-ತುಪ್ಪದ ದಿನ ಸಂಜೆಯೇ ಕ್ರಿಕೆಟ್ ಆಡಲು ಬಂದಿದ್ದವನು, ಅಪ್ಪುಗೆ ಅತ್ತು ಅತ್ತು ಮುಖ ಊದಿಸಿಕೊಂಡು ಬಂದು ಕೊನೇ ಬೆಂಚಿನಲ್ಲಿ ತಲೆ ಹಾಕಿ ಕೂತಿದ್ದ. ಅವನಿಗೆ ಭಾವನೆ ಇಲ್ಲ ಅಂತ ಯಾರಂದಾರು? ಪರದೆಯ ಮುಂದೆ ಅಳುವುದಕ್ಕೆ ಗಂಡು ಹೈಕ್ಳಿಗೆ ಅಪ್ಪಣೆ ಇದೆ. ಮನೆಯ ಜಗಲಿ ಮೇಲೆ ಅತ್ತರೆ, "ಏನ್ಲಾ ಹೆಣ್ಣಂಗೆ" ಅನ್ನುತ್ತಾರೆ.

ಕಣ್ಣೀರನ್ನೇ ಅಳತೆಗೋಲು ಮಾಡಿಕೊಳ್ಳುವವರಿಗೆ ನಾನು 'ತಿಥಿ'ಯನ್ನು ನೆನಪಿಸುತ್ತೇನೆ. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರು ಕಥೆಯಲ್ಲಿ ಜೊತೆಗೂಡಿ, ನಮ್ಮ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಬಣ್ಣ ಹಚ್ಚಿ ಗೊತ್ತಿಲ್ಲದ ಜನರನ್ನೇ ಇಟ್ಟುಕೊಂಡು ತೆಗೆದ ಚಿತ್ರ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು ಬಂತು. ಅದರಲ್ಲಿ 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದು ದಿನಕ್ಕೆ ತಿಥಿ. ಯಾರಾದರೂ ಎದೆ ಒಡೆದು ಅಳುತ್ತಾರಾ? ಸ್ವಂತ ಮಗ ಗಡ್ಡಪ್ಪನೇ ಅಪ್ಪನ ಸಾವಿನ ಸುದ್ದಿಗೆ ಹೆಚ್ಚೇನೂ ಅಲ್ಲಾಡದೆ ಹೊಲದ ಬದುಗಳ ಮೇಲೆ ನಡೆದುಕೊಂಡು ಹೋಗುತ್ತಾನೆ. ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿಯ ಹಿಂದೆ ಸುತ್ತುವುದೇ ಕೆಲಸ, ಮಿಕ್ಕ ಹೊತ್ತು ಇಸ್ಪೀಟು, ಕುಡಿತ. ಹಾಗೆ ನೋಡಿದರೆ ಅವನೂ ದಿಕ್ಕಿಲ್ಲದ ಹುಡುಗನೇ. ಅವನನ್ನು ಕಂಡು ನಾವು ನಕ್ಕೆವು, ಗಾಬರಿಯಾಗಲಿಲ್ಲ. ತುಂಬು ಬಾಳು ಬಾಳಿದ ಮುದುಕ ಹೋದ ಅನ್ನುವುದೊಂದು ಕಾರಣ. ಇನ್ನೊಂದು, ಅಲ್ಲಿ ಸಾವಿನ ಹಿಂದೆಯೇ ಕೆಲಸಗಳು ಬರುತ್ತವೆ. ಯಾರಿಗೆ ಹೇಳಿಕಳಿಸಬೇಕು, ಎಷ್ಟು ಜನಕ್ಕೆ ಊಟ, ಕುರಿ ಎಲ್ಲಿಂದ, ಸಾಲ ಯಾರ ಹತ್ತಿರ. ಅಳು ಬಂದವರು ಅಳುತ್ತಾರೆ, ಬಾರದವರು ಚಪ್ಪರ ಹಾಕುತ್ತಾರೆ. ಮಿಲ್ಪಿಟಾಸ್ ಹುಡುಗರ ಕೈಗೆ ಯಾರೂ ಯಾವ ಕೆಲಸವನ್ನೂ ಕೊಡಲಿಲ್ಲ. ಹೆಣದ ಮುಂದೆ ಕೈ ಕಟ್ಟಿ ನಿಂತದ್ದಷ್ಟೇ.

ಒಬ್ಬ ಮಾತ್ರ ತನಗೆ ತಾನೇ ಕೆಲಸ ಕೊಟ್ಟುಕೊಳ್ಳುತ್ತಾನೆ. ಅವನು ಲೇನ್, ಗುಂಪಿನ ಲೀಡರ್. ಕ್ರಿಸ್ಪಿನ್ ಗ್ಲೋವರ್ ಆ ಪಾತ್ರವನ್ನು ಕೈ ತಿರುಗಿಸುತ್ತಾ, ಮಾತು ಎಳೆಯುತ್ತಾ ಎಷ್ಟು ವಿಚಿತ್ರವಾಗಿ ಮಾಡಿದ್ದಾನೆಂದರೆ ಮೊದಮೊದಲು ಓವರ್ ಆಕ್ಟಿಂಗ್ ಅನ್ನಿಸುತ್ತದೆ. ಆಮೇಲೆ ಅರ್ಥವಾಗುತ್ತದೆ, ನಟಿಸುತ್ತಿರುವುದು ಗ್ಲೋವರ್ ಅಲ್ಲ, ಲೇನ್. ಜೇಮಿ ಸತ್ತಾಯಿತು, ಅವಳನ್ನು ವಾಪಸ್ ತರೋಕಾಗಲ್ಲ, ಜಾನ್ ಇನ್ನೂ ಬದುಕಿದ್ದಾನೆ, ಅವನನ್ನು ಉಳಿಸಿಕೊಳ್ಳಬೇಕು: ಇದು ಅವನ ಲೆಕ್ಕ. ಇದೊಂಥರಾ ಸಿನಿಮಾ ಇದ್ದ ಹಾಗಿದೆ ಎಂದು ಅವನೇ ಅನ್ನುತ್ತಾನೆ, ತಾನು ಹೊಡೆದಾಟದ ಸಿನಿಮಾಗಳ ಹೀರೋ ಚಕ್ ನಾರಿಸ್ ಆದಂತೆ ಪುಳಕಗೊಳ್ಳುತ್ತಾನೆ. ಇಲ್ಲಿ ಮಹಡಿಯ ಮೇಲೆ ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ದೋಸ್ತಿಗಾಗಿ ಪ್ರಾಣ ಕೊಡುವ, ಪ್ರಾಣ ತೆಗೆಯುವ ಹೀರೋಗಳನ್ನು ನೋಡುತ್ತಲೇ ನಾನೂ ಬೆಳೆದದ್ದು, ನನ್ನ ವಿದ್ಯಾರ್ಥಿಗಳೂ ಬೆಳೆಯುತ್ತಿರುವುದು. ಮಚ್ಚು ಹಿಡಿದವನ ಕಣ್ಣಲ್ಲಿ ಗೆಳೆಯನಿಗಾಗಿ ನೀರು ಬಂದರೆ ಥಿಯೇಟರಿನಲ್ಲಿ ಶಿಳ್ಳೆ. ನಮ್ಮ ಹೈಕ್ಳ ನೀತಿಶಾಸ್ತ್ರದಲ್ಲಿ ಕೊಲೆಗಿಂತ ದೊಡ್ಡ ಪಾಪ ಒಂದಿದೆ: ದೊಡ್ಡವರಿಗೆ ಹೇಳಿಕೊಡುವುದು. ಲೇನ್‌ಗೆ ಮಂಡ್ಯದಲ್ಲಿ ಯಾವ ಕಾಲೇಜಿನ ಗೇಟಿನ ಮುಂದೆ ಬೇಕಾದರೂ ಗೆಳೆಯರು ಸಿಗುತ್ತಾರೆ.

ಇನ್ನು ದೊಡ್ಡವರು. ಮ್ಯಾಟ್‌ನ (ಕಿಯಾನು ರೀವ್ಸ್) ತಾಯಿ ನರ್ಸು. ದಣಿದು ಬಂದವಳಿಗೆ ತನ್ನ ಗಾಂಜಾ ಯಾರು ಕದ್ದರು ಅನ್ನುವುದೇ ತಲೆನೋವು. ಮೇಷ್ಟ್ರೊಬ್ಬನಿದ್ದಾನೆ, 60ರ ದಶಕದ ಚಳವಳಿಯ ನೆನಪಲ್ಲೇ ಬದುಕುವವನು. ನಾವು ಬೀದಿಗಿಳಿದಿದ್ದೆವು, ಜಗತ್ತು ಬದಲಿಸಿದೆವು ಎಂದು ತರಗತಿಯಲ್ಲಿ ಭಾಷಣ ಬಿಗಿಯುತ್ತಾನೆ. ಸಾವಿನ ಸುದ್ದಿ ಬಂದ ಮೇಲೆ ಮಕ್ಕಳ ಮೇಲೆ ಕೂಗಾಡುತ್ತಾನೆ, ನಿಮಗ್ಯಾರಿಗೂ ಅವಳು ಸತ್ತದ್ದು ತಾಕಿಯೇ ಇಲ್ಲ ಅಂತ. ಸ್ಟಾಫ್ ರೂಮಿನಲ್ಲಿ ಇಂಥವರು ನನಗೆ ದಿನಾ ಸಿಗುತ್ತಾರೆ. ರೈತ ಚಳವಳಿಯ, ಗೋಕಾಕ್ ಚಳವಳಿಯ ಕಥೆಗಳನ್ನು ಎಷ್ಟು ಚೆನ್ನಾಗಿ ಹೇಳುತ್ತಾರೆ! ಎದುರಿಗೆ ಕೂತ ಹುಡುಗನ ಹೆಸರು ಕೇಳಿ, ರೋಲ್ ನಂಬರ್ ಹೇಳುತ್ತಾರೆ. ಉಳಿದವನು ಫೆಕ್, ಡೆನಿಸ್ ಹಾಪರ್ ಮಾಡಿದ್ದು. ಒಂಟಿ ಕಾಲಿನ ಹಳೇ ಬೈಕರ್, ಗಾಳಿ ತುಂಬಿದ ಪ್ಲಾಸ್ಟಿಕ್ ಹೆಣ್ಣುಗೊಂಬೆಯ ಜೊತೆ ಸಂಸಾರ, ಹಿಂದೊಮ್ಮೆ ತನ್ನ ಪ್ರೇಯಸಿಯನ್ನು ಕೊಂದವನು. ಮಕ್ಕಳಿಗೆ ಗಾಂಜಾ ಕೊಡುತ್ತಾನೆ, ಬಾಗಿಲು ತೆರೆದೇ ಇಟ್ಟಿರುತ್ತಾನೆ. ಇಡೀ ಊರಿನಲ್ಲಿ ಈ ಮಕ್ಕಳು ತಾವಾಗಿ ಹುಡುಕಿಕೊಂಡು ಹೋಗುವ ದೊಡ್ಡ ಮನುಷ್ಯ ಅವನೊಬ್ಬನೇ. ಕೊಲೆಗಾರನನ್ನು ಅಡಗಿಸಿಡಲು ಲೇನ್ ಕರೆದುಕೊಂಡು ಹೋಗುವುದೂ ಅಲ್ಲಿಗೇ. ಚಿತ್ರದ ನಿಜವಾದ ಕೆಣಕು ಹೆಣದಲ್ಲಿಲ್ಲ, ಇಲ್ಲಿದೆ ಅಂತ ನನಗನ್ನಿಸುವುದು. ಈ ಮಕ್ಕಳು ಯಾಕೆ ಅಳಲಿಲ್ಲ ಎಂದು ನಾವು ಕೇಳುತ್ತಾ ಕೂತರೆ, ಅವರು ಯಾರ ಹತ್ತಿರ ಹೋಗಬೇಕಿತ್ತು ಎಂದು ಅದು ತಿರುಗಿ ಕೇಳುತ್ತದೆ.

ಒಂದು ಏಪ್ರಿಲ್. ಮಂಡ್ಯದ ಏಪ್ರಿಲ್ ಹೇಗಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ, ಫ್ಯಾನಿನ ಗಾಳಿಯೂ ಸುಡುತ್ತದೆ. ಬೇಸಿಗೆ ತರಗತಿಗೆ ಬರುತ್ತಿದ್ದ ಹುಡುಗನೊಬ್ಬ ತುಂಬು ತೋಳಿನ ಅಂಗಿ ಹಾಕಿ, ಮಣಿಕಟ್ಟಿನ ಗುಂಡಿಯನ್ನೂ ಬಿಚ್ಚದೆ ಕೂರುತ್ತಿದ್ದ. ಅವನು ತನ್ನ ಕೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದುದು ಇಡೀ ಹಿಂದಿನ ಬೆಂಚಿಗೆ ಗೊತ್ತಿತ್ತು. ಪಾಠ ಮಾಡುವ ನಮಗ್ಯಾರಿಗೂ ಗೊತ್ತಿರಲಿಲ್ಲ. ನೋಟಿಸ್ ಬೋರ್ಡಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿನ ಪೋಸ್ಟರ್ ಅಂಟಿಸಿದ್ದೆವು, ಅದರ ಮೇಲೆ ಪರೀಕ್ಷಾ ಶುಲ್ಕದ ಸುತ್ತೋಲೆ ಅರ್ಧ ಮುಚ್ಚಿತ್ತು. ಹುಡುಗರು ಕೊನೆಗೆ ಹೇಳಿದ್ದು ಯಾರಿಗೆ? ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ಅಕ್ಕನಿಗೆ. ಆಯಮ್ಮ ಹತ್ತು ರೂಪಾಯಿ ಬಾಕಿ ಕೇಳುವುದಿಲ್ಲ, ಚಾರ್ಜಿಗೆ ಹಾಕಿದ ಫೋನನ್ನು ಜೋಪಾನ ಮಾಡುತ್ತಾರೆ, ಊಟ ಆಯ್ತೇನ್ಲಾ ಅನ್ನುತ್ತಾರೆ. ಒಂದು ಮಧ್ಯಾಹ್ನ ಅಂಗಡಿ ಬಿಟ್ಟು ಬಂದು ನನ್ನನ್ನು ಪಕ್ಕಕ್ಕೆ ಕರೆದರು. "ಸಾ, ಆ ಮಗನ್ನ ಒಸಿ ನೋಡಿ. ಐಕ್ಳು ಏಳಿದ್ರು ಅನ್ಬೇಡಿ, ನಾನೇ ಕಂಡೆ ಅನ್ನಿ." ಹುಡುಗ ಈಗ ಚೆನ್ನಾಗಿದ್ದಾನೆ. ಆಸ್ಪತ್ರೆಗೆ ತೋರಿಸಿದೆವು, ಮಾತ್ರೆ, ಮಾತುಕತೆ ನಡೆಯಿತು, ಡಿಪ್ಲೊಮಾಗೆ ಸೇರಿದ. ಆದರೆ ಹೇಳಿದವರು ಯಾರೆಂದು ಅವನಿಗೆ ಇವತ್ತಿಗೂ ಗೊತ್ತಾಗಬಾರದು ಅನ್ನುವುದು ಆ ಹುಡುಗರ ಷರತ್ತು. ಗೆಳೆಯನ ಜೀವ ಉಳಿಸಿಯೂ ಅವರು ಅಪರಾಧಿಗಳ ಹಾಗೆ ಓಡಾಡಿದರು.

ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಇಷ್ಟು ಮಕ್ಕಳಲ್ಲಿ ಎಷ್ಟು ಜನರ ವಿಷಯ ಯಾವುದೋ ಹಿಂದಿನ ಬೆಂಚಿಗೆ ಮೊದಲೇ ಗೊತ್ತಿದ್ದಿರಬಹುದು ಅಂತ ಯೋಚಿಸಿದರೆ ನನಗೆ ಮ್ಯಾಟ್ ನೆನಪಾಗುತ್ತಾನೆ. ಚಿತ್ರದಲ್ಲಿ ಪೊಲೀಸರಿಗೆ ಹೇಳುವವನು ಅವನೇ. ಬಹುಮಾನವಾಗಿ ಅವನಿಗೆ ಸಿಗುವುದು ಅನುಮಾನದ ವಿಚಾರಣೆ. ಇಷ್ಟು ಹೊತ್ತು ಯಾಕೆ ಸುಮ್ಮನಿದ್ದೆ, ನಿನಗೆ ಏನನ್ನಿಸಿತು ಎಂದು ಅಧಿಕಾರಿ ಒತ್ತಿ ಒತ್ತಿ ಕೇಳಿದರೆ ಅವನ ಹತ್ತಿರ ಗೊತ್ತಿಲ್ಲ ಅನ್ನುವುದು ಬಿಟ್ಟರೆ ಉತ್ತರವಿಲ್ಲ. ಸ್ವಂತ ತಮ್ಮ, ಮೊದಲ ದೃಶ್ಯದಲ್ಲಿ ಗೊಂಬೆ ಎಸೆದ ಪೋರ, ಅಣ್ಣ ದ್ರೋಹ ಮಾಡಿದ ಎಂದು ಪಿಸ್ತೂಲು ಹಿಡಿದು ಅವನನ್ನು ಹುಡುಕಿಕೊಂಡು ಬರುತ್ತಾನೆ.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೂ ಈ ಚಿತ್ರದ ಜೊತೆ ನನಗೊಂದು ಜಗಳ ಇದೆ. ಜೇಮಿ ಯಾರು? ಅವಳಿಗೆ ಏನು ಇಷ್ಟ, ಯಾವುದಕ್ಕೆ ನಗುತ್ತಿದ್ದಳು, ಅವಳ ಮನೆಯಲ್ಲಿ ಯಾರಿದ್ದಾರೆ? ಚಿತ್ರಕ್ಕೆ ಅದು ಬೇಕಾಗಿಯೇ ಇಲ್ಲ. ಹುಡುಗರು ಅವಳನ್ನು ಹೆಣವಾಗಿ ಮಾತ್ರ ನೋಡಿದರು ಎಂದು ದೂರುವ ಕ್ಯಾಮೆರಾ ತಾನೂ ಅವಳನ್ನು ಹೆಣವಾಗಿ ಮಾತ್ರ ನೋಡುತ್ತದೆ, ಅದೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಇನ್ನೊಂದು, ಫೆಕ್‌ನ ವಿಷಯ. ನಾನು ಕೊಂದೆ, ಆದರೆ ಅವಳನ್ನು ಪ್ರೀತಿಸುತ್ತಿದ್ದೆ ಅನ್ನುತ್ತಾನೆ ಅವನು. ಜಾನ್‌ಗೆ ಅದೂ ಇಲ್ಲ ಎಂದು ಗೊತ್ತಾದಾಗ ಹೊಳೆಯ ದಡದಲ್ಲೇ ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಪ್ರೀತಿಸಿ ಕೊಂದವನು, ಪ್ರೀತಿಯಿಲ್ಲದೆ ಕೊಂದವನಿಗಿಂತ ಒಂದು ಮೆಟ್ಟಿಲು ಮೇಲು ಅನ್ನುವ ಧಾಟಿ ಚಿತ್ರಕ್ಕೂ ಒಪ್ಪಿಗೆ ಇದ್ದಂತಿದೆ. ಹಾಪರ್ ಎಷ್ಟೇ ಅದ್ಭುತವಾಗಿ ನಟಿಸಲಿ, ಇದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಸತ್ತವಳಿಗೆ ಎರಡೂ ಒಂದೇ. ಒಲ್ಲೆ ಅಂದವಳ ಬೆನ್ನು ಬಿಡದೆ ಕಾಡುವುದನ್ನೇ ಪ್ರೇಮ ಅಂತ ಹಾಡು ಕಟ್ಟಿ ತೋರಿಸಿದ ನಮ್ಮ ಸಿನಿಮಾಗಳನ್ನು ನೋಡಿ ಬಂದವನಿಗೆ ಈ ವಾಸನೆ ಬೇಗ ಹತ್ತುತ್ತದೆ. ಮಹಡಿಯ ಮೇಲೆ ಈ ಮಾತು ಎತ್ತಿದ್ದು ನಾನಲ್ಲ, ಅಲ್ಲಿದ್ದ ಒಬ್ಬಳೇ ಕಾಲೇಜು ಹುಡುಗಿ. "ಅಂಕಲ್, ನೀವೆಲ್ಲ ಹುಡುಗ್ರು ಅತ್ರೋ ಇಲ್ವೋ ಅಂತಾನೇ ಮಾತಾಡ್ತಿದ್ದೀರ" ಅಂದಳು. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು, ಮಾತು ಸ್ವಲ್ಪ ಹೊತ್ತು ಬೇರೆ ದಾರಿ ಹಿಡಿಯಿತು.

ಹೊರಡುವಾಗ ಗೆಳೆಯ ಕೇಳಿದ, ನಿನ್ನ ಕಾಲೇಜಲ್ಲಿ ಇದನ್ನ ತೋರಿಸ್ತೀಯಾ ಅಂತ. ಪೂರ್ತಿ ತೋರಿಸಲಾರೆ, ತೋರಿಸಬಾರದು ಕೂಡ. ವಿಚಾರಣೆಯ ಆ ದೃಶ್ಯವೊಂದನ್ನು ಹಾಕಿ, ಗೊತ್ತಿಲ್ಲ ಎಂದು ಮ್ಯಾಟ್ ಹೇಳುವಲ್ಲಿಗೆ ನಿಲ್ಲಿಸಿ, ನೀವಾಗಿದ್ದರೆ ಮೊದಲು ಯಾರಿಗೆ ಹೇಳುತ್ತಿದ್ದಿರಿ ಎಂದು ಚೀಟಿಯಲ್ಲಿ ಬರೆಸಬೇಕು ಅಂತ ಆಸೆ, ಹೆಸರು ಹಾಕದೆ. ಪ್ರಾಂಶುಪಾಲರ ಹತ್ತಿರ ಪ್ರಸ್ತಾಪಿಸಿದೆ. ಬೆತ್ತಲೆ ಹೆಣ ಇದೆಯಂತಲ್ರೀ, ಹೆಣ್ಣುಮಕ್ಕಳೂ ಕೂರ್ತಾರೆ ಅಂದರು. ಆ ಭಾಗ ಬರಲ್ಲ ಸಾರ್, ಬರೀ ಮಾತಿನ ಸೀನು ಅಂದೆ. ಚೀಟಿಯಲ್ಲಿ ಏನೇನೋ ಬರೆದರೆ ಜವಾಬ್ದಾರಿ ಯಾರದು ಎಂದು ಕೇಳಿದರು. ನನ್ನದೇ ಎಂದು ಬರೆದುಕೊಡುತ್ತೇನೆ ಅಂದಿದ್ದೇನೆ. ಮಿಡ್‌ಟರ್ಮ್ ಮುಗೀಲಿ, ನೋಡೋಣ ಅಂದಿದ್ದಾರೆ.